ಫೈನಲ್‌ಗೆ ಮುನ್ನ ಪ್ರಾಕ್ಟೀಸು ಎಷ್ಟು ಬಿರುಸಾಗಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ದಾಂಡೇಲಿ, ಹಳಿಯಾಳಗಳಲ್ಲಿ ಊರ ಫುಟ್ಬಾಲ್ ತಂಡ ನೋಡಿಕೊಳ್ಳುವ ಕೋಚ್, ಮ್ಯಾನೇಜರ್, ಕ್ಯಾಪ್ಟನ್‌ಗಳಿಗಾಗಿ ಇದನ್ನು ಬರೆದಿದ್ದೇವೆ. ದುಬಾರಿ ಉಪಕರಣ ಬೇಡ. ಒಂದು ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್, ತೂಕದ ಯಂತ್ರ, ಒಂದು ತುಂಡು ಸೀಮೆಸುಣ್ಣ ಇದ್ದರೆ ಸಾಕು. ಉದಾಹರಣೆಗಳಲ್ಲೆಲ್ಲ ಫೈನಲ್ ಭಾನುವಾರ ಎಂದಿಟ್ಟುಕೊಂಡಿದ್ದೇವೆ.

ಫೈನಲ್ ಎದುರಿಗಿದೆ, ಹುಡುಗರು 50 ನಿಮಿಷಕ್ಕೇ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಇದು ಸಡಿಲ ಬಿಟ್ಟಂತೆ ಅಲ್ಲವೇ?

ಆ 50 ನಿಮಿಷದಲ್ಲಿ ಏನು ನಡೆಯಿತು ಎಂಬುದನ್ನು ನೋಡಬೇಕು. ದಮ್ಮು ಬೆಳೆಯಲು ವಾರಗಟ್ಟಲೆ ಬೇಕು. ಕೊನೆಯ ಏಳೆಂಟು ದಿನ ಎಷ್ಟು ಓಡಿಸಿದರೂ ಅದು ಹೆಚ್ಚುವುದಿಲ್ಲ, ದಣಿವು ಮಾತ್ರ ಕಾಲಲ್ಲಿ ಉಳಿದುಬಿಡುತ್ತದೆ. ಹಾಗಾಗಿ ಫೈನಲ್ ವಾರದಲ್ಲಿ ನಿಮಿಷ ಕಡಿಮೆಯಾಗಬೇಕು, ವೇಗ ಕಡಿಮೆಯಾಗಬಾರದು. ಈ ಬಗೆಗಿನ ಹಲವು ಅಧ್ಯಯನಗಳನ್ನು 2007ರಲ್ಲಿ ಒಟ್ಟು ಸೇರಿಸಿ ವಿಶ್ಲೇಷಿಸಿದಾಗಲೂ ಇದೇ ಕಂಡುಬಂತು. ಸುಮಾರು ಎರಡು ವಾರ ಅಭ್ಯಾಸದ ಪ್ರಮಾಣವನ್ನು ಶೇ 41ರಿಂದ 60ರಷ್ಟು ಇಳಿಸಿ, ತೀವ್ರತೆಯನ್ನೂ ಅಭ್ಯಾಸದ ದಿನಗಳನ್ನೂ ಹಾಗೇ ಇಟ್ಟವರಿಗೆ ಹೆಚ್ಚು ಲಾಭವಾಗಿತ್ತು. ಆ ಅಧ್ಯಯನಗಳು ಬಹುಪಾಲು ಈಜು, ಓಟ, ಸೈಕ್ಲಿಂಗಿನವು. ಆದ್ದರಿಂದ ಫುಟ್ಬಾಲಿಗೆ ಅದೇ ಶೇಕಡಾವಾರು ಹಚ್ಚಬೇಕಿಲ್ಲ, ದಿಕ್ಕು ಮಾತ್ರ ಅದೇ. ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ತದ್ವಿರುದ್ಧ: ಕತ್ತಲಾಗುವವರೆಗೆ ಪ್ರಾಕ್ಟೀಸು, ಅದೂ ಎಲ್ಲ ಅರ್ಧ ವೇಗದಲ್ಲಿ.

ಬೆವರು, ಏದುಸಿರು ನೋಡಿದರೆ ಗೊತ್ತಾಗುವುದಿಲ್ಲವೇ?

ಕರಾವಳಿಯಲ್ಲಿ ಬೆವರು ನೋಡಿ ಏನೂ ಹೇಳಲಾಗದು. ಮೇ ತಿಂಗಳ ಸಂಜೆ ಕಾರವಾರದ ಬೈತಖೋಲದಲ್ಲಿ ಸುಮ್ಮನೆ ನಿಂತವನ ಅಂಗಿಯೂ ಒದ್ದೆಯಾಗುತ್ತದೆ. ಕೋಚ್‌ನ ಗಂಟಲು ಎಷ್ಟು ದೊಡ್ಡದಿತ್ತು ಎಂಬುದೂ ಅಳತೆಗೋಲಲ್ಲ.

ಹಾಗಾದರೆ ಅಳೆಯುವುದು ಹೇಗೆ?

ಆಟಗಾರನನ್ನೇ ಕೇಳಿ. ಅಭ್ಯಾಸ ಮುಗಿದ ಮೇಲೆ ‘ಇವತ್ತಿನದು ಒಟ್ಟಾರೆ ಎಷ್ಟು ಕಷ್ಟ ಇತ್ತು?’ ಎಂದು ಕೇಳಿ 0ರಿಂದ 10ರೊಳಗೆ ಒಂದು ಅಂಕ ಬರೆದುಕೊಳ್ಳಿ. 1 ಅಂದರೆ ಬಹಳ ಹಗುರ, 2 ಹಗುರ, 3 ಮಧ್ಯಮ, 4 ಸ್ವಲ್ಪ ಕಷ್ಟ, 5 ಕಷ್ಟ, 7 ತುಂಬ ಕಷ್ಟ, 10 ಅಂದರೆ ಇದಕ್ಕಿಂತ ಹೆಚ್ಚು ಆಗುವುದೇ ಇಲ್ಲ. ಆ ಅಂಕವನ್ನು ಅಭ್ಯಾಸದ ಒಟ್ಟು ನಿಮಿಷಕ್ಕೆ ಗುಣಿಸಿ. 75 ನಿಮಿಷ, ಅಂಕ 7 ಆದರೆ ಆ ದಿನದ ಹೊರೆ 525. ದೊಡ್ಡ ಕ್ಲಬ್‌ಗಳು ಉಪಗ್ರಹ ಸಂಪರ್ಕದ ಜಾಕೆಟ್ ಹಾಕಿಸಿದರೂ ಈ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ. ಓಡಿದ ದೂರ ಯಂತ್ರಕ್ಕೆ ತಿಳಿಯುತ್ತದೆ, ಆ ಓಟ ಅವನಿಗೆ ಎಷ್ಟು ಭಾರವಾಯಿತೆಂಬುದು ತಿಳಿಯುವುದಿಲ್ಲ.

ಹುಡುಗರು ಸರಿಯಾಗಿ ಹೇಳುತ್ತಾರೆಯೇ?

ಕೇಳುವ ರೀತಿ ಸರಿಯಿದ್ದರೆ ಹೇಳುತ್ತಾರೆ. ಮುಗಿದ ತಕ್ಷಣ ಕೇಳಬೇಡಿ, ಕೊನೆಗೆ ಓಡಿದ ಸ್ಪ್ರಿಂಟ್ ಒಂದೇ ನೆನಪಿನಲ್ಲಿರುತ್ತದೆ. ಬೂಟು ಬಿಚ್ಚಿ ನೀರು ಕುಡಿದು 10ರಿಂದ 30 ನಿಮಿಷ ಕಳೆದಿರಲಿ. ಒಬ್ಬೊಬ್ಬರನ್ನೇ ಕೇಳಿ. ವೃತ್ತದಲ್ಲಿ ಕೂರಿಸಿ ಕೇಳಿದರೆ ಹಿರಿಯ ಡಿಫೆಂಡರ್ ‘ನಾಲ್ಕು’ ಅಂದದ್ದೇ ತಡ, ಸಾಲಾಗಿ ಎಲ್ಲರದೂ ನಾಲ್ಕಾಗುತ್ತದೆ. ವಾಟ್ಸ್ಯಾಪ್ ಗುಂಪಿನಲ್ಲೂ ಇದೇ ಕಥೆ, ಅಂಕವನ್ನು ಪ್ರತ್ಯೇಕವಾಗಿ ಕಳಿಸಲು ಹೇಳಿ. ಎಲ್ಲಕ್ಕಿಂತ ಮುಖ್ಯ, 8 ಎಂದವನನ್ನು ಮರುದಿನ ‘ನಿನಗೆ ಆಗೋದಿಲ್ಲ ಮಾರಾಯ’ ಎಂದು ಬೆಂಚಿಗೆ ಕಳಿಸಬೇಡಿ. ಒಮ್ಮೆ ಹಾಗೆ ಮಾಡಿದರೆ ಆ ನೋಟ್‌ಬುಕ್‌ನಲ್ಲಿ ಮತ್ತೆ ನಿಜ ಬರುವುದಿಲ್ಲ.

ಕೋಚ್ ಕೂಡ ಅಭ್ಯಾಸಕ್ಕೆ ಮುಂಚೆ ತನ್ನ ಅಂದಾಜಿನ ಅಂಕ ಬರೆದಿಡಬೇಕು. ಕೋಚ್ 4 ಎಂದುಕೊಂಡದ್ದು ತಂಡಕ್ಕೆ ಸರಾಸರಿ 6 ಆಗಿದ್ದರೆ ಹಗುರ ದಿನ ಹಗುರವಾಗಿರಲಿಲ್ಲ ಎಂದರ್ಥ. ಬಹಳ ತಂಡಗಳು ಎಡವುವುದು ಇಲ್ಲೇ. ಕಷ್ಟದ ದಿನ ಸಾಕಷ್ಟು ಕಷ್ಟವಿರುವುದಿಲ್ಲ, ಹಗುರ ದಿನ ಸಾಕಷ್ಟು ಹಗುರವಿರುವುದಿಲ್ಲ.

ಮಾಮೂಲಿ ವಾರ, ಫೈನಲ್ ವಾರ: ಲೆಕ್ಕ ಹಾಕಿ ತೋರಿಸಬಹುದೇ?

ಮಾಮೂಲಿ ವಾರ ಹೀಗಿದೆ ಎಂದುಕೊಳ್ಳಿ. ಸೋಮವಾರ ರಜೆ. ಮಂಗಳವಾರ 90 ನಿಮಿಷ, ಅಂಕ 6, ಹೊರೆ 540. ಬುಧವಾರ 75 ನಿಮಿಷ, ಅಂಕ 7, ಹೊರೆ 525. ಗುರುವಾರ 60 ನಿಮಿಷ, ಅಂಕ 4, ಹೊರೆ 240. ಶುಕ್ರವಾರ ರಜೆ. ಶನಿವಾರ 60 ನಿಮಿಷ, ಅಂಕ 3, ಹೊರೆ 180. ಪಂದ್ಯ ಬಿಟ್ಟು ಒಟ್ಟು 285 ನಿಮಿಷ, ಹೊರೆ 1485.

ಅದೇ ತಂಡದ ಫೈನಲ್ ವಾರ: ಮಂಗಳವಾರ 60 ನಿಮಿಷ, ಅಂಕ 6. ಬುಧವಾರ 50 ನಿಮಿಷ, ಅಂಕ 7. ಗುರುವಾರ 35 ನಿಮಿಷ, ಅಂಕ 3. ಶುಕ್ರವಾರ ರಜೆ. ಶನಿವಾರ 25 ನಿಮಿಷ, ಅಂಕ 3. ಒಟ್ಟು 170 ನಿಮಿಷ, ಹೊರೆ 890. ನಿಮಿಷವೂ ಹೊರೆಯೂ ಸುಮಾರು ಶೇ 40 ಇಳಿದಿವೆ, ಮಂಗಳವಾರ, ಬುಧವಾರದ ಅಂಕಗಳು ಮಾತ್ರ ಅಲುಗಿಲ್ಲ. ನಿಮಿಷದ ಜತೆಗೆ ಅಂಕವೂ 6ರಿಂದ 4ಕ್ಕೆ ಬಿದ್ದರೆ ಭಾನುವಾರ ಮೊದಲ 20 ನಿಮಿಷ ತಂಡ ಎದುರಾಳಿಯ ವೇಗಕ್ಕೆ ಹೊಂದಿಕೊಳ್ಳುವುದರಲ್ಲೇ ಕಳೆಯುತ್ತದೆ.

ಕತ್ತರಿ ಹಾಕುವುದಾದರೆ ಎಲ್ಲಿ? ಉದ್ದದ ಮಾತು, ಸಾಲು ನಿಂತು ಶೂಟಿಂಗ್ ಸರದಿ ಕಾಯುವುದು, ಕೊನೆಯಲ್ಲಿ ‘ಮೈದಾನಕ್ಕೆ ಐದು ಸುತ್ತು’. ಮೊದಲು ಹೋಗಬೇಕಾದ್ದು ಆ ಐದು ಸುತ್ತು.

ದಿನವೂ ಒಂದೇ ರೀತಿ, ಸಮಾಧಾನದಲ್ಲಿ ಮಾಡಿದರೆ ಸುರಕ್ಷಿತವಲ್ಲವೇ?

ಅಲ್ಲ. ವಾರದ ಏಳು ದಿನದ ಹೊರೆಯ ಸರಾಸರಿಯನ್ನು ಅದರ ಪ್ರಮಾಣ ವಿಚಲನೆಯಿಂದ (ದಿನದ ಹೊರೆ ಸರಾಸರಿಯಿಂದ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ) ಭಾಗಿಸಿದರೆ ಏಕತಾನತೆಯ ಅಂಕಿ ಸಿಗುತ್ತದೆ. ಮೊಬೈಲಿನ ಸ್ಪ್ರೆಡ್‌ಶೀಟ್ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಮೇಲಿನ ಮಾಮೂಲಿ ವಾರಕ್ಕೆ 720 ಹೊರೆಯ ಪಂದ್ಯ ಸೇರಿಸಿದರೆ ಈ ಅಂಕಿ 1.1–1.2ರ ಆಸುಪಾಸು ಬರುತ್ತದೆ. ಆರು ದಿನವೂ 90 ನಿಮಿಷ, ಅಂಕ 5, ಒಂದು ದಿನ ರಜೆ ಎಂದರೆ 2 ದಾಟುತ್ತದೆ. 2 ದಾಟಿದ ವಾರಗಳನ್ನು ಅನುಮಾನದಿಂದಲೇ ನೋಡಬೇಕು. ನೆಗಡಿ, ಗಂಟಲುನೋವು, ಕಾಲಿನ ಬಿಗಿತ ಇಂಥ ವಾರಗಳ ಹಿಂದೆಯೇ ಬರುವುದು ಹೆಚ್ಚು.

ಒಂದು ಡ್ರಿಲ್ ನಡೆಯುತ್ತಿರುವಾಗಲೇ ಅದರ ಬಿರುಸು ತಿಳಿಯುವುದು ಹೇಗೆ?

ನಾಡಿ ಹಿಡಿಯಿರಿ. ಸೀಟಿ ಊದಿದ ಐದು ಸೆಕೆಂಡಿನೊಳಗೆ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ 4ರಿಂದ ಗುಣಿಸಬೇಕು. ತಡವಾದರೆ ನಾಡಿ ಇಳಿದಿರುತ್ತದೆ. ಗರಿಷ್ಠ ನಾಡಿಯ ಅಂದಾಜು: 208ರಿಂದ ವಯಸ್ಸಿನ 0.7 ಪಟ್ಟು ಕಳೆಯಿರಿ. 24 ವರ್ಷದವನಿಗೆ ಸುಮಾರು 191, ಅದರ ಶೇ 90 ಎಂದರೆ 172, ಅಂದರೆ 15 ಸೆಕೆಂಡಿಗೆ 43 ಬಡಿತ. ಒಬ್ಬೊಬ್ಬರಲ್ಲಿ ಈ ಅಂದಾಜು 10 ಬಡಿತದಷ್ಟು ಆಚೀಚೆ ಆಗಬಹುದು. ಒಬ್ಬನನ್ನು ಇನ್ನೊಬ್ಬನ ಜತೆ ಹೋಲಿಸುವುದು ಬೇಡ, ಅವನ ಹಿಂದಿನ ವಾರದ ಅಂಕಿಗೇ ಹೋಲಿಸಿ.

ಬಿರುಸು ಹೆಚ್ಚು ಕಡಿಮೆ ಮಾಡಲು ಚಿಕ್ಕ ಅಂಕಣದ 4–4 ಆಟದಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. 40×30 ಮೀಟರ್ ಅಂಕಣ, ಎಂಟು ಜನ, 4 ನಿಮಿಷದ 4 ಸುತ್ತು, ನಡುವೆ 2–3 ನಿಮಿಷ ವಿರಾಮ. ಸರಿಯಾಗಿ ನಡೆದರೆ ನಾಡಿ ಗರಿಷ್ಠದ ಶೇ 85–90ಕ್ಕೆ ಏರುತ್ತದೆ. ಏರದಿದ್ದರೆ ತಪ್ಪು ಬಹುಮಟ್ಟಿಗೆ ಚೆಂಡಿನದು. ಒಂದೇ ಚೆಂಡಿಟ್ಟುಕೊಂಡರೆ ಅದು ಕೇದಿಗೆ ಪೊದೆಗೋ ಗಟಾರಕ್ಕೋ ಹೋದಾಗಲೆಲ್ಲ ಎಂಟು ಜನ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. ಅಂಕಣದ ಸುತ್ತ 6–8 ಚೆಂಡು ಇಟ್ಟು, ಹೊರಹೋದ ಕೂಡಲೇ ಇನ್ನೊಂದು ಒಳಗೆ ತಳ್ಳಿ. ಸ್ಟಾಪ್‌ವಾಚ್‌ನಲ್ಲಿ ಚೆಂಡು ಆಟದಲ್ಲಿದ್ದ ಸಮಯ ಹಿಡಿಯಿರಿ. 4 ನಿಮಿಷದಲ್ಲಿ 3 ನಿಮಿಷವೂ ಇಲ್ಲದಿದ್ದರೆ ಅದನ್ನು ಬಿರುಸಿನ ಡ್ರಿಲ್ ಎಂದು ಬರೆದುಕೊಳ್ಳಬೇಡಿ. ಅಂಚಿನಲ್ಲಿ ನಿಂತು ಹುರಿದುಂಬಿಸುವ ಕೋಚ್ ಇದ್ದರೂ ತೀವ್ರತೆ ಏರುತ್ತದೆ, ಆ ಮಟ್ಟಿಗೆ ಗಂಟಲಿಗೂ ಕೆಲಸವಿದೆ.

ಅಂಕಣವನ್ನು 30×20ಕ್ಕೆ ಇಳಿಸಿದರೆ ತಲಾ 75 ಚದರ ಮೀಟರ್ ಜಾಗ. ತಿರುವು, ತಡೆ, ಚಿಮ್ಮು ಹೆಚ್ಚಾಗಿ ಭಾರ ತೊಡೆಸಂದು, ಮೊಣಕಾಲಿನ ಮೇಲೆ ಬೀಳುತ್ತದೆ. ಅಂಕಣ ದೊಡ್ಡದಾದಷ್ಟೂ ಪೂರ್ಣ ವೇಗದ ಓಟ ಹೆಚ್ಚಿ ತೊಡೆಯ ಹಿಂಭಾಗದ ಸ್ನಾಯುವಿಗೆ, ಅಂದರೆ ಹ್ಯಾಮ್‌ಸ್ಟ್ರಿಂಗ್‌ಗೆ, ಕೆಲಸ ಸಿಗುತ್ತದೆ. ಫೈನಲ್ ವಾರದ ಗುರುವಾರದಿಂದ ಎರಡೂ ಬೇಡ.

ಹ್ಯಾಮ್‌ಸ್ಟ್ರಿಂಗ್ ಭಯಕ್ಕೆ ವಾರಪೂರ್ತಿ ಸ್ಪ್ರಿಂಟ್ ನಿಲ್ಲಿಸಬಹುದೇ?

ಅದೇ ಅಪಾಯ. ಎಂಟು–ಹತ್ತು ದಿನ ಪೂರ್ಣ ವೇಗ ಕಾಣದ ಸ್ನಾಯು ಫೈನಲ್‌ನಲ್ಲಿ ಮೊದಲ ಬಾರಿಗೆ ಪೂರ್ತಿ ಎಳೆಯಲ್ಪಡುತ್ತದೆ. ಮಂಗಳವಾರ ಅಥವಾ ಬುಧವಾರ 30 ಮೀಟರ್‌ನ 4–6 ಓಟ, ಪ್ರತಿ ಓಟದ ನಡುವೆ 2 ನಿಮಿಷ ಪೂರ್ತಿ ವಿಶ್ರಾಂತಿ. ವಿಶ್ರಾಂತಿ ಅರ್ಧ ನಿಮಿಷಕ್ಕೆ ಇಳಿದರೆ ಅದು ದಮ್ಮಿನ ವ್ಯಾಯಾಮವಾಗುತ್ತದೆ, ವೇಗದ್ದಾಗಿ ಉಳಿಯುವುದಿಲ್ಲ. ಕೊನೆಯ 48 ತಾಸು ಉದ್ದ ಓಟ ಬೇಡ. ಶನಿವಾರ 10 ಮೀಟರ್‌ನ ನಾಲ್ಕೈದು ಚಿಮ್ಮು ಸಾಕು.

ಕಡಲತೀರದ ಮರಳಲ್ಲಿ ಓಡಿಸಿದರೆ ಕಾಲು ಗಟ್ಟಿಯಾಗುತ್ತದಲ್ಲ?

ತಿಂಗಳ ಮುಂಚೆ ಸರಿ, ಫೈನಲ್ ವಾರದಲ್ಲಿ ಬೇಡ. ಸಡಿಲ ಮರಳಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ಅಷ್ಟು ಖರ್ಚಾದರೂ ವೇಗ ಬರುವುದಿಲ್ಲ, ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಎರಡು ದಿನ ಬಿಗಿದುಕೊಂಡಿರುತ್ತವೆ. ಕಾರವಾರದ ಟ್ಯಾಗೋರ್ ಕಡಲತೀರವಾಗಲಿ, ಕಾಳಿ ನದಿಯಾಚೆಯ ದೇವಬಾಗವಾಗಲಿ, ಇಳಿತದ ಹೊತ್ತಿನಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಿರುತ್ತದೆ. ಓಡಿಸಲೇಬೇಕೆಂದರೆ ಅಲ್ಲಿ ಓಡಿಸಿ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಸೋಮವಾರ ಸಂಜೆ 5ಕ್ಕೆ ಸಿಕ್ಕ ಗಟ್ಟಿ ಮರಳು ಗುರುವಾರ ಅದೇ ಹೊತ್ತಿಗೆ ಸಿಗುವುದಿಲ್ಲ. ತೀರ ಸಮುದ್ರದ ಕಡೆ ಇಳಿಜಾರು. ಒಂದೇ ದಿಕ್ಕಿಗೆ ಓಡಿದರೆ ಒಂದೇ ಕಾಲು ಹೆಚ್ಚು ಬಾಗುತ್ತದೆ, ಹೋದಷ್ಟೇ ದೂರ ಅದೇ ಜಾಡಿನಲ್ಲಿ ವಾಪಸ್ ಓಡಬೇಕು.

ಫೈನಲ್ ಚಿರೆಕಲ್ಲಿನ ಗಟ್ಟಿ ಕೆಂಪು ನೆಲದಲ್ಲಿದ್ದರೆ ಕೊನೆಯ ಅಭ್ಯಾಸಗಳೂ ಅಂಥ ನೆಲದಲ್ಲೇ ಆಗಲಿ, ಪಂದ್ಯಕ್ಕೆ ಹಾಕುವ ಬೂಟಿನಲ್ಲೇ ಆಗಲಿ. ಹೊಸ ಬೂಟು ಫೈನಲ್ ದಿನ ಎಂಬ ಆಸೆ ಎಷ್ಟೋ ಹಿಮ್ಮಡಿಗಳ ಚರ್ಮ ಸುಲಿದಿದೆ.

ಕೆಲಸಕ್ಕೆ ಹೋಗುವ ಆಟಗಾರರ ಹೊರೆ ಲೆಕ್ಕಕ್ಕೆ ಹಿಡಿಯಬೇಕೇ?

ಹಿಡಿಯಲೇಬೇಕು. ಊರ ತಂಡಗಳು ದೊಡ್ಡ ಕ್ಲಬ್‌ಗಳ ವೇಳಾಪಟ್ಟಿಯನ್ನು ನಕಲು ಮಾಡಿ ಸೋಲುವುದು ಈ ಕಾರಣಕ್ಕೇ. ರಾತ್ರಿಯಿಡೀ ದೋಣಿಯಲ್ಲಿ ಬಲೆ ಎಳೆದು ಬೆಳಗಿನ ಜಾವ ಬಂದರಿಗೆ ಬಂದವನು, ಗಾರೆ ಕೆಲಸದವನು, ಬ್ಯಾಂಕಿನಲ್ಲಿ ಕೂತು ಬಂದವನು: ಮೂವರಿಗೂ ಒಂದೇ 60 ನಿಮಿಷ ಕೊಟ್ಟರೆ ಅದು ಮೂರು ಬೇರೆ ಬೇರೆ ಅಭ್ಯಾಸ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ರಾತ್ರಿ ಸುಲಿಯಲು ಕೂತವರಿಗೆ ನಿದ್ದೆ ನಾಲ್ಕೈದು ತಾಸಿಗೆ ಇಳಿದಿರುತ್ತದೆ.

ಕೆಲಸಕ್ಕೂ ಅದೇ 0–10 ಅಂಕ ಕೇಳಿ. ಆದರೆ ನಿಮಿಷಕ್ಕೆ ಗುಣಿಸಲು ಹೋಗಬೇಡಿ. 8 ತಾಸಿನ ಕೆಲಸ ಎಲ್ಲ ಲೆಕ್ಕವನ್ನೂ ಮುಳುಗಿಸುತ್ತದೆ. ಕೆಲಸ 6 ದಾಟಿದ ದಿನ ಅವನಿಗೆ ಒಂದು ಸುತ್ತು ಕಡಿಮೆ, ಅಷ್ಟೇ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಬೋಟಿನ ಹುಡುಗರೆಲ್ಲ ಒಟ್ಟಿಗೆ ಸಿಗುತ್ತಾರೆ; ಸಿಕ್ಕರೆಂದು ಮೊದಲ ವಾರವೇ ದಿನಕ್ಕೆರಡು ಬಾರಿ ಇಳಿಸಿದರೆ ಎರಡನೇ ವಾರ ಅರ್ಧ ಜನ ಕುಂಟುತ್ತಿರುತ್ತಾರೆ.

ಬೆಳಗ್ಗೆ ಎದ್ದಾಗಲೇ ದಣಿವು ಗುರುತಿಸುವ ಉಪಾಯವಿದೆಯೇ?

ಮೂರಿವೆ, ಮೂರರಲ್ಲಿ ಎರಡು ಒಟ್ಟಿಗೆ ಕೆಟ್ಟರೆ ಮಾತ್ರ ಅಭ್ಯಾಸ ಬದಲಿಸಿ.

ಮೊದಲನೆಯದು ಐದು ಪ್ರಶ್ನೆ: ನಿದ್ದೆ, ದಣಿವು, ಸ್ನಾಯು ನೋವು, ಮನಸ್ಸು, ಚಿಂತೆ. ಪ್ರತಿಯೊಂದಕ್ಕೂ 1ರಿಂದ 5, ಒಳ್ಳೆಯದಕ್ಕೆ 5. ಒಟ್ಟು 25ರಲ್ಲಿ ಸದಾ 20ರ ಹತ್ತಿರವಿರುವವನು 15ಕ್ಕೆ ಬಂದರೆ ಮಾತಾಡಿಸಿ. ಎರಡನೆಯದು ಹಾಸಿಗೆಯಿಂದ ಏಳುವ ಮುಂಚಿನ ನಾಡಿ: ತನ್ನ ಮಾಮೂಲಿಗಿಂತ 8–10 ಬಡಿತ ಹೆಚ್ಚಿದ್ದು ಎರಡು ದಿನ ಹಾಗೇ ಮುಂದುವರಿದರೆ ದಣಿವು, ನೀರಿನ ಕೊರತೆ ಅಥವಾ ಜ್ವರದ ಸೂಚನೆ.

ಮೂರನೆಯದು ಜಿಗಿತ. ಆಟಗಾರ ಬೆರಳ ತುದಿಗೆ ಸೀಮೆಸುಣ್ಣ ಒರೆಸಿಕೊಂಡು ಗೋಡೆಗೆ ಪಕ್ಕವಾಗಿ ನಿಂತು, ಹಿಮ್ಮಡಿ ಎತ್ತದೆ ಎಟಕಿದಷ್ಟು ಎತ್ತರಕ್ಕೆ ಒಂದು ಗುರುತು ಹಾಕಬೇಕು. ಆಮೇಲೆ ನಿಂತಲ್ಲಿಂದಲೇ ಮಂಡಿ ಬಗ್ಗಿಸಿ ಜಿಗಿದು ಮೇಲೊಂದು ಗುರುತು. ಹೆಜ್ಜೆ ಹಾಕಿ ಜಿಗಿದರೆ ಲೆಕ್ಕಕ್ಕಿಲ್ಲ. ಮೂರು ಜಿಗಿತದ ಸರಾಸರಿ ತೆಗೆಯಿರಿ. ಅದೇ ಗೋಡೆ, ಅದೇ ಬೂಟು, ದಿನದ ಅದೇ ಹೊತ್ತು. ಸದಾ 48 ಸೆಂಟಿಮೀಟರ್ ಜಿಗಿಯುವವನು 43ಕ್ಕೆ ಇಳಿದರೆ ಶೇ 10ರಷ್ಟು ಇಳಿಕೆ. ಕಾಲು ಇನ್ನೂ ಚೇತರಿಸಿಲ್ಲ. ಒಂದೆರಡು ಸೆಂಟಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಬೆರಳ ಗುರುತಿನಲ್ಲೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ.

ನಮ್ಮ ಸೆಕೆಯಲ್ಲಿ ನೀರು ಎಷ್ಟು?

ತೂಕವೇ ಹೇಳುತ್ತದೆ. ಅಭ್ಯಾಸಕ್ಕೆ ಮುಂಚೆ ಮತ್ತು ನಂತರ ಬೆವರು ಒರೆಸಿಕೊಂಡು ಬರೀ ಚಡ್ಡಿಯಲ್ಲಿ ತೂಗಿ. 62 ಕಿಲೋ ಇದ್ದವನು 60.8 ಆದರೆ 1.2 ಕಿಲೋ ಇಳಿದಿದೆ. ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಬೆವರು 1.7 ಲೀಟರ್. ಇಳಿಕೆ ಮೈತೂಕದ ಶೇ 2 ತಲುಪಿದರೆ ಓಟವೂ ನಿರ್ಧಾರವೂ ನಿಧಾನವಾಗತೊಡಗುತ್ತವೆ. ಇಳಿದ ಒಂದೊಂದು ಕಿಲೋಗೆ 1.25ರಿಂದ 1.5 ಲೀಟರ್‌ನಂತೆ ಮುಂದಿನ ಕೆಲವು ತಾಸಿನಲ್ಲಿ ಕುಡಿಯಬೇಕು. ತೂಕ ಏರಿದವನು ಬೇಕಾದ್ದಕ್ಕಿಂತ ಹೆಚ್ಚು ಕುಡಿದಿದ್ದಾನೆ, ಅದೂ ಒಳ್ಳೆಯದಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಲ್ಲಿ ಹೋಗುವ ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಬೆರೆಸಿ. ಉಪ್ಪು ಹಾಕಿದ ಮುರುಗಲು ಶರಬತ್ತೂ ನಡೆಯುತ್ತದೆ. ಓಆರ್‌ಎಸ್ ಆದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಹಾಕಿ.

ಬಿಸಿಲಲ್ಲಿ ಯಾರಾದರೂ ತಡಬಡಿಸಿ ಮಾತಾಡಿದರೆ, ದಿಕ್ಕು ತಪ್ಪಿದಂತೆ ನಡೆದರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಶಿರಸಿಯ ತಂಡ ಕಾರವಾರದಲ್ಲಿ ಫೈನಲ್ ಆಡುವುದಾದರೆ ಬೇರೆ ತಯಾರಿ ಬೇಕೇ?

ಬೇಕು. ಘಟ್ಟದ ಮೇಲಿನ ತಂಡಕ್ಕೆ ಕಾಡುವುದು ಎತ್ತರದ ವ್ಯತ್ಯಾಸವಲ್ಲ, ತೇವ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಅದೇ ಓಟಕ್ಕೆ ನಾಡಿ ಹೆಚ್ಚು ಏರುತ್ತದೆ. ದೇಹ ಇದಕ್ಕೆ ಒಗ್ಗಲು 7ರಿಂದ 14 ದಿನ ಬೇಕು. ಫೈನಲ್‌ಗೆ ಎರಡು ವಾರ ಇರುವಾಗಲೇ ಅಭ್ಯಾಸವನ್ನು ಮಧ್ಯಾಹ್ನ 3ರ ಬಿಸಿಲಿಗೆ ತನ್ನಿ, ದಿನಕ್ಕೆ ಒಂದು ತಾಸಿನೊಳಗೆ. ಫೈನಲ್ ವಾರದಲ್ಲಿ ಇದನ್ನು ಶುರು ಮಾಡಬೇಡಿ, ಹೊರೆ ಇಳಿಸುವ ಉದ್ದೇಶವೇ ಕೆಡುತ್ತದೆ. ದೇವಿಮನೆ ಘಟ್ಟ ಇಳಿದು ಬರುವ ಪ್ರಯಾಣ ಪಂದ್ಯದ ಬೆಳಗ್ಗೆ ಬೇಡ, ಹಿಂದಿನ ಸಂಜೆಯೇ ಬನ್ನಿ. ತಿರುವುಗಳಲ್ಲಿ ವಾಂತಿ ಮಾಡಿಕೊಂಡವನ ಹೊಟ್ಟೆಗೆ ಮತ್ತೆ ಅನ್ನ ಸೇರಲು ಅರ್ಧ ದಿನ ಹೋಗುತ್ತದೆ.

ಹೊನಲು ಬೆಳಕಿನ ಟೂರ್ನಿ. ಶನಿವಾರ ರಾತ್ರಿ ಸೆಮಿಫೈನಲ್, ಭಾನುವಾರ ರಾತ್ರಿ ಫೈನಲ್. ಏನು ಅಭ್ಯಾಸ?

ಏನೂ ಇಲ್ಲ. ಹೊರೆ ಇಳಿಸುವ ಕೆಲಸ ಟೂರ್ನಿಗೆ ಮುಂಚೆಯೇ ಮುಗಿದಿರಬೇಕು. ಸೆಮಿಫೈನಲ್ ಮುಗಿದ ಒಂದು ತಾಸಿನೊಳಗೆ ಅನ್ನ, ಮೊಟ್ಟೆ ಅಥವಾ ಮೀನಿನ ಸಾರು. ಹುರಿದ ಬಂಗಡೆ ಫೈನಲ್ ಗೆದ್ದ ಮೇಲೆ. ಭಾನುವಾರ ಬೆಳಗ್ಗೆ ಎಬ್ಬಿಸಬೇಡಿ. ಹನ್ನೊಂದರ ಹೊತ್ತಿಗೆ 15 ನಿಮಿಷ ನಡಿಗೆ, ಮೈ ಸಡಿಲಿಸುವುದು, ಅಂಕ 1 ದಾಟಬಾರದು. ಪಂದ್ಯ ರಾತ್ರಿ 9ಕ್ಕಿದ್ದರೆ ಐದೂವರೆಯೊಳಗೆ ಊಟ, ಏಳೂವರೆಗೆ ಬಾಳೆಹಣ್ಣು ಅಥವಾ ಸ್ವಲ್ಪ ಅವಲಕ್ಕಿ.

ಬೆಂಚಿನಲ್ಲಿ ಕೂತವರಿಗೆ?

ಅವರದು ಉಲ್ಟಾ ಸಮಸ್ಯೆ. ಎರಡು ಪಂದ್ಯ ಕೂತರೆ ವಾರದ ಹೊರೆ ಅರ್ಧಕ್ಕೆ ಇಳಿದು, ಫೈನಲ್‌ನ 60ನೇ ನಿಮಿಷಕ್ಕೆ ಇಳಿದಾಗ ಕಾಲೇ ಏಳುವುದಿಲ್ಲ. ಪಂದ್ಯ ಮುಗಿದ ತಕ್ಷಣ ಅದೇ ಮೈದಾನದಲ್ಲಿ 15–20 ನಿಮಿಷ ಕೆಲಸ ಕೊಡಿ: 6–8 ಸ್ಪ್ರಿಂಟ್, ಒಂದೆರಡು ಸುತ್ತು 3–3 ಆಟ.

ವಾಚಿನ ಆ್ಯಪ್ ‘ಅಪಾಯ’ ಎಂದು ಕೆಂಪು ತೋರಿಸುತ್ತಿದೆ. ನಂಬಬೇಕೇ?

ಬಹುಪಾಲು ಆ್ಯಪ್‌ಗಳು ಈ ವಾರದ ಹೊರೆಯನ್ನು ಕಳೆದ ನಾಲ್ಕು ವಾರದ ಸರಾಸರಿಗೆ ಭಾಗಿಸುತ್ತವೆ. 0.8ರಿಂದ 1.3 ಸುರಕ್ಷಿತ ಎಂಬ ಮಾತು ಬಹಳ ಹಬ್ಬಿದೆ, ಆದರೆ ಗಾಯವನ್ನು ಮೊದಲೇ ಹೇಳುವ ಅದರ ಸಾಮರ್ಥ್ಯದ ಬಗ್ಗೆ ತಜ್ಞರಲ್ಲೇ ಗಟ್ಟಿ ಆಕ್ಷೇಪಗಳಿವೆ. ದಿಢೀರ್ ಏರಿಕೆ ಗುರುತಿಸಲು ಬಳಸಿ, ತಂಡ ಆರಿಸಲು ಬಳಸಬೇಡಿ. ಸಾಮಾನ್ಯ ವಾಚು ಒಟ್ಟು ದೂರವನ್ನು ತಕ್ಕಮಟ್ಟಿಗೆ ಸರಿ ಹೇಳುತ್ತದೆ; ಚಿಕ್ಕ ಚಿಮ್ಮು, ತಿರುವುಗಳನ್ನು ಹಿಡಿಯುವುದಿಲ್ಲ.

ಎದುರಾಳಿಯ ಪ್ರಾಕ್ಟೀಸು ನೋಡಿ ಏನು ತಿಳಿಯಬಹುದು?

ಒಂದೇ ದಿನ ನೋಡಿದರೆ ಏನೂ ಇಲ್ಲ. ಅದು ಅವರ ಹಗುರ ದಿನವಾಗಿರಬಹುದು. ಎರಡು ಮೂರು ದಿನ ನೋಡುವುದಾದರೆ ಡ್ರಿಲ್‌ಗಳ ನಡುವಿನ ವಿರಾಮ ಅಳೆಯಿರಿ, ಚೆಂಡು ಕಳೆದುಕೊಂಡ ಮೇಲೆ ಎಷ್ಟು ಜನ ಓಡಿ ಹಿಂದೆ ಬರುತ್ತಾರೆ ಎಣಿಸಿ. ಮೊದಲ ಹತ್ತು ನಿಮಿಷದಲ್ಲಿ ಆರು ಜನ ಬಂದು ಕೊನೆಯ ಹತ್ತರಲ್ಲಿ ಮೂವರು ಬಂದರೆ ನಿಮ್ಮ ಬದಲಿ ಆಟಗಾರರನ್ನು ಯಾವಾಗ ಇಳಿಸಬೇಕೆಂದು ಗೊತ್ತಾಯಿತಲ್ಲ.

ಈಗಾಗಲೇ ಅತಿಯಾಗಿ ಮಾಡಿಸಿಬಿಟ್ಟಿದ್ದೇವೆ, ಮೂರೇ ದಿನ ಉಳಿದಿದೆ.

ಗುರುವಾರ ಪೂರ್ತಿ ರಜೆ. ಶುಕ್ರವಾರ 30 ನಿಮಿಷ, ಬರೀ ಚೆಂಡು, ಟ್ಯಾಕಲ್ ಇಲ್ಲ. ಶನಿವಾರ ಸೆಟ್‌ಪೀಸ್ (ಫ್ರೀಕಿಕ್, ಕಾರ್ನರ್), ನಾಲ್ಕು ಚಿಮ್ಮು, ಪೆನಾಲ್ಟಿ, ಮನೆಗೆ. ‘ಕಾಲು ಜಡವಾಗುತ್ತೆ’ ಎಂಬ ಗಾಬರಿಗೆ ನಡುವೆ ಒಂದು ಗಟ್ಟಿ ಅಭ್ಯಾಸ ತುರುಕಬೇಡಿ. ಮೂರು ದಿನದಲ್ಲಿ ದಣಿವು ಇಳಿಯುತ್ತದೆ, ದಮ್ಮು ಇಳಿಯುವುದಿಲ್ಲ.

ಪಂದ್ಯದ ದಿನದ ವಾರ್ಮ್‌ಅಪ್ ಎಷ್ಟು?

20ರಿಂದ 25 ನಿಮಿಷ, ಸೆಕೆ ಹೆಚ್ಚಿದ್ದರೆ 15 ಸಾಕು. ಮೊದಲು ನಿಧಾನ ಓಟ, ಕೀಲು ಸಡಿಲಿಸುವುದು, ಆಮೇಲೆ ಪಾಸ್, ಕೊನೆಗೆ 10–15 ಮೀಟರ್‌ನ ಮೂರ್ನಾಲ್ಕು ಪೂರ್ಣ ವೇಗದ ಓಟ. ಮುಗಿದು ಪಂದ್ಯ ಶುರುವಾಗುವ ನಡುವೆ 5–7 ನಿಮಿಷಕ್ಕಿಂತ ಹೆಚ್ಚಿರಬಾರದು. ನಮ್ಮ ಕಡೆ ಇದು ಕೆಡುವುದು ಅತಿಥಿಗಳ ಭಾಷಣದಲ್ಲಿ: ಬೆವರಿಳಿಸಿಕೊಂಡು ನಿಂತ ತಂಡ 25 ನಿಮಿಷ ಸಾಲಿನಲ್ಲಿ ಕೈಕುಲುಕಲು ಕಾಯುತ್ತದೆ. ಸಭಾ ಕಾರ್ಯಕ್ರಮ ಎಷ್ಟು ಹೊತ್ತು ಎಂದು ಸಂಘಟಕರನ್ನು ಮೊದಲೇ ಕೇಳಿಕೊಂಡು, ಉದ್ದವಿದ್ದರೆ ವಾರ್ಮ್‌ಅಪ್ ಎರಡು ಭಾಗ ಮಾಡಿ, ಪೂರ್ಣ ವೇಗದ ಓಟಗಳನ್ನು ಭಾಷಣದ ನಂತರಕ್ಕೆ ಇಟ್ಟುಕೊಳ್ಳಿ. ಮುಗಿದಾಗ ಅಂಕ ಕೇಳಿದರೆ 3 ಅಥವಾ 4 ಬರಬೇಕು. ಯಾರಾದರೂ 6 ಎಂದರೆ ಅವನ ಬದಲಿಗನಿಗೆ ಮೊದಲಾರ್ಧದಲ್ಲೇ ಮೈ ಬಿಸಿ ಮಾಡಿಕೊಳ್ಳಲು ಹೇಳಿಡಿ.